ದೊಡ್ಡಹನುಮಯ್ಯನ ಕಾಲು

ರಾಮನಗರದ ಆ ರೇಷ್ಮೆ ಬಿಚ್ಚೋ ಶೆಡ್ಡಿನಲ್ಲಿ ಅಂಕಮ್ಮ ಯಾರು ಅಂತ ಕೇಳಿದರೆ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಸಾಲಾಗಿ ಕೂತ ಹೆಂಗಸರಲ್ಲಿ ಯಾರ ತುಟಿ ಸದ್ದಿಲ್ಲದೆ ಆಡ್ತಾ ಇರುತ್ತೋ ಅವಳೇ ಅಂಕಮ್ಮ. ಬೇಸಿನ್ನಿನ ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ಮೇಲಿನ ರಾಟೆಗೆ ಹತ್ತಿಸೋ ಕೆಲಸ. ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಬೇಕಾದಷ್ಟಿದೆ. ಉಳಿದವರು ಆ ಪುರುಸೊತ್ತಿನಲ್ಲಿ ಸೊಸೆಯರನ್ನು ಬೈಯುತ್ತಾರೆ, ಹಿಂದಿನ ದಿನ ನೋಡಿದ ಸೀರಿಯಲ್ಲಿನ ಅತ್ತೆಯನ್ನು ಬೈಯುತ್ತಾರೆ. ಅಂಕಮ್ಮ ಪ್ರಾರ್ಥನೆ ಮಾಡುತ್ತಾಳೆ. ಪಕ್ಕದ ಬೇಸಿನ್ನಿನ ಜಾರಾ ರೇಗಿಸೋದುಂಟು: "ಅಕ್ಕಾ, ನಿಮ್ ದೇವ್ರನ್ನ ಊಟಕ್ಕಾದ್ರೂ ಬಿಡು. ಬೆಳಿಗ್ಗೆಯಿಂದ ಕರೀತಾನೇ ಇದೀಯಲ್ಲ."

ಗಂಡ ತೀರಿಕೊಂಡ ಮೇಲೆ ಅವಳಿಗೆ ಇನ್ನೊಂದು ಅಭ್ಯಾಸ ಹತ್ತಿತು. ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಎರಡೂ ಅಂಗೈಯನ್ನು ಬಿಸಿನೀರಿಗೆ ಒತ್ತಿಬಿಡುತ್ತಾಳೆ. ಬೆರಳ ತುದಿ ಅದ್ದೋದು ಎಲ್ಲರಿಗೂ ರೂಢಿ, ಅಂಗೈ ಯಾರೂ ಅದ್ದೋದಿಲ್ಲ. ಜಾರಾ ಒಂದು ಸಲ ಮೊಣಕೈ ಹಿಡಿದು ಎಳೆದು, ಚೆನ್ನಾಗಿ ಬೈದು, ಯಾಕೆ ಹಿಂಗೆ ಮಾಡ್ತೀಯ ಅಂತ ಕೇಳಿದಳು. ಅಂಕಮ್ಮ ಹೇಳಲಿಲ್ಲ. ಹೇಳಿಕೊಳ್ಳೋಕೆ ಅದೇನು ಮಂಡಿನೋವೇ? ಅವಳ ಅಂಗೈಯೊಳಗೆ ಸತ್ತ ಗಂಡನ ಕಾಲು ಕುಣೀತಾ ಇತ್ತು.

ಇದನ್ನು ಮೊದಲಿನಿಂದ ಹೇಳದೆ ಹೋದರೆ ತಲೆಬುಡ ತಿಳಿಯೋದಿಲ್ಲ.

ದೊಡ್ಡಹನುಮಯ್ಯ ಕನಕಪುರ ತಾಲ್ಲೂಕು, ಉಯ್ಯಂಬಳ್ಳಿ ಕಡೆಯವನು. ಆ ಸೀಮೆಯಲ್ಲಿ ಪೂಜೆ ಕುಣಿತ ಅಂದರೆ ಗೊತ್ತಿಲ್ಲದವರಿಲ್ಲ. ಬಿದಿರು ಕಟ್ಟಿ, ಸೀರೆ ಸುತ್ತಿ, ನಡುವೆ ಅಮ್ಮನ ಮುಖ ಕೂರಿಸಿದ ಆಳೆತ್ತರದ ಚೌಕಟ್ಟನ್ನು ಪೂಜೆ ಅನ್ನುತ್ತಾರೆ. ಅದನ್ನು ತಲೆಮೇಲೆ ಹೊತ್ತು, ಕೈ ಬಿಟ್ಟು, ತಮಟೆಗೆ ಸರಿಯಾಗಿ ಹೆಜ್ಜೆ ಹಾಕಬೇಕು. ದೊಡ್ಡಹನುಮಯ್ಯನ ಅಪ್ಪ ಹೊತ್ತಿದ್ದ, ತಾತ ಹೊತ್ತಿದ್ದ. ಇವನು ಹೊತ್ತರಂತೂ ಕತ್ತಿನ ಮೇಲಿನದು ಅಲ್ಲಾಡುತ್ತಿರಲಿಲ್ಲ, ಕೆಳಗೆ ಕಾಲು ಮಾತ್ರ ಬೇರೆ ಯಾರದ್ದೋ ಅನ್ನೋ ಹಾಗೆ ಓಡುತ್ತಿತ್ತು. ಅಂಕಮ್ಮ ಮದುವೆಗೆ ಮುಂಚೆ ನೋಡಿದ್ದು ಆ ಕಾಲನ್ನೇ. ಮುಖ ಆಮೇಲೆ ನೋಡಿದಳು.

ಒಂದು ವರ್ಷ ಮಾರಮ್ಮನ ಗುಡಿ ಮುಂದೆ ಅವನ ಕಾಲಡಿ ಕಲ್ಲು ಸಿಕ್ಕಿ ಪೂಜೆ ಕೆಳಗೆ ಬಿತ್ತು. ಕುಡಿದಿದ್ದ ಅಂದರು ಊರಿನವರು. ಅವನು ಅವತ್ತು ಉಪವಾಸ ಇದ್ದ, ಒಂದು ತೊಟ್ಟೂ ಮುಟ್ಟಿರಲಿಲ್ಲ. ಯಾರು ಕೇಳ್ತಾರೆ. ಮುಂದಿನ ವರ್ಷದಿಂದ ಪೂಜೆ ಅವನ ಚಿಕ್ಕಪ್ಪನ ಮಗನ ತಲೆಗೆ ಹೋಯಿತು. ಕುಡುಕ ಅಂದರಲ್ಲ, ಹಂಗೇ ಆಗ್ಲಿ ಅಂತ ಆಸಾಮಿ ಆವತ್ತಿನಿಂದ ಕುಡಿಯೋಕೆ ಶುರುಮಾಡಿದ. ಹಟ ಅಂದರೆ ಹಟ. ಮಗಳು ಸುಮನಾಳನ್ನು ಸೊಂಟಕ್ಕೆ ಏರಿಸಿಕೊಂಡು, ಗಂಡನನ್ನು ಹಿಂದೆ ಹಾಕಿಕೊಂಡು ಅಂಕಮ್ಮ ರಾಮನಗರಕ್ಕೆ ಬಂದು ಶೆಡ್ಡು ಸೇರಿದಳು.

ಪಾಸ್ಟರ್ ತಿಮೋತಿ ಒಳ್ಳೆಯ ಮನುಷ್ಯ, ಅದನ್ನು ಮುಂಚೆಯೇ ಹೇಳಿಬಿಡಬೇಕು. ಬಸ್ ಸ್ಟ್ಯಾಂಡಿನ ಮೋರಿ ಪಕ್ಕ ಬಿದ್ದಿದ್ದ ದೊಡ್ಡಹನುಮಯ್ಯನನ್ನು ಸ್ವಂತ ಕೈಯಿಂದ ಎತ್ತಿ, ತಮ್ಮ ಮನೆ ಹಿತ್ತಲಲ್ಲಿ ಕೂರಿಸಿ ತಲೆಗೆ ನೀರು ಹೊಯ್ದವರು ಅವರು. ಅವರ ಸಭೆ ಅಂದರೆ ಶೀಟು ಹೊದಿಸಿದ ಒಂದು ಹಾಲ್, ಒಂದು ಡೋಲಕ್, ಕಿಟಕಿಗೆ ಕಬ್ಬಿಣದ ಸರಳು. ಅಲ್ಲಿಗೆ ಮೊದಲು ಹೋದವಳು ಅಂಕಮ್ಮ, ಹಿಂದೆಯೇ ಅವನು. ಕುಡಿತ ಬಿಟ್ಟ. ಬಿಟ್ಟೇ ಬಿಟ್ಟ, ಮತ್ತೆ ಸಾಯೋವರೆಗೂ ಮುಟ್ಟಲಿಲ್ಲ. ಕಣ್ವ ಡ್ಯಾಮಿನ ನೀರಲ್ಲಿ ಇಬ್ಬರಿಗೂ ದೀಕ್ಷಾಸ್ನಾನ ಆಯಿತು. ಅವತ್ತು ಅವನು ತಾತನ ಕಾಲದ ಕಂಚಿನ ಗೆಜ್ಜೆಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಎಸೆಯಿರಿ ಅಂತ ಪಾಸ್ಟರ್ ಹೇಳಿರಲಿಲ್ಲ. ತಾನೇ ನಡುನೀರಿಗೆ ಎಸೆದ.

ಆ ಸಭೆಯಲ್ಲಿ ಹಾಡು ಏರಿದರೆ ಜನ ಚಪ್ಪಾಳೆ ಹೊಡೆದು ಕುಣಿಯುತ್ತಾರೆ, ಮುದುಕಿಯರೂ ಬಿಡುವುದಿಲ್ಲ. ದೊಡ್ಡಹನುಮಯ್ಯ ಮಾತ್ರ ಹಿಂದಿನ ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ನಿಂತಿರುತ್ತಿದ್ದ. ಕತ್ತಿನ ನರ ಉಬ್ಬಿರುತ್ತಿದ್ದವು. "ಸಹೋದರರೇ, ಕರ್ತನಿಗಾಗಿ ಒಂದು ಹೆಜ್ಜೆ" ಅಂತ ಪಾಸ್ಟರ್ ನಗುತ್ತಾ ಕರೆದರೂ ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅಂಕಮ್ಮನಿಗೆ ಹೇಳಿದ್ದ: "ಒಂದು ಹೆಜ್ಜೆ ಎತ್ತಿದ್ರೆ ನಿಲ್ಸಾಕಾಗಕ್ಕಿಲ್ಲ ಕಣಮ್ಮಿ. ಈ ಕಾಲು ಆ ಮಾರಮ್ಮಂದು. ಕುಡಿತಾನ ಬುಟ್ಟೆ, ಕಾಲನ್ನ ಎಲ್ಲಿಗೆ ಬುಡಲಿ?"

ಅಷ್ಟು ವರ್ಷ ಆ ಕಾಲನ್ನು ಅವನು ಕಟ್ಟಿಹಾಕಿಕೊಂಡೇ ಬದುಕಿದ.

ಇನ್ನು ಪಾಸ್ಟರ್ ಬೋಧನೆ. ಒಂದು ಸಲ ರಕ್ಷಣೆ ಸಿಕ್ಕಿತು, ಪರಲೋಕ ಖಾತ್ರಿಯಾಯಿತು ಅಂತ ಕಾಲು ಚಾಚಿ ಮಲಗಬೇಡಿ ಅನ್ನುತ್ತಿದ್ದರು ಅವರು. ಕೊಟ್ಟವನು ಕಿತ್ತುಕೊಳ್ಳೋದಿಲ್ಲ, ನಾವೇ ಕಳೆದುಕೊಳ್ಳಬಹುದು. ಜೀವಮಾನವಿಡೀ ಹಿಡಿದಿದ್ದು ಕೊನೇ ಉಸಿರಲ್ಲಿ ಕೈಬಿಟ್ಟರೂ ಬಿಟ್ಟ ಹಾಗೇ. ಅದಕ್ಕೇ ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ವಿಶ್ವಾಸಿಯ ಪೆಟ್ಟಿಗೆ ಮುಚ್ಚೋ ಮೊದಲು, ಕೊನೇ ಗಳಿಗೆಯಲ್ಲಿ ಹತ್ತಿರ ಇದ್ದವರು ಎದ್ದು ನಿಂತು ಅವರು ಹೇಗೆ ಹೋದರು ಅಂತ ಸಾಕ್ಷಿ ಹೇಳಬೇಕು. ಕೇಳಿದವರು ಸ್ತೋತ್ರ ಅನ್ನಬೇಕು. ಆಮೇಲೆ ಮೊಳೆ.

ದೊಡ್ಡಹನುಮಯ್ಯನ ಕಿಡ್ನಿ ಕೈಕೊಟ್ಟಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ಅವನು ಹೋದ ದಿನ ಮಧ್ಯಾಹ್ನ ಸುಮನಾ ಬಿಡದಿಗೆ ಕೆಲಸಕ್ಕೆ ಹೋಗಿದ್ದಳು, ಮನೆಯಲ್ಲಿ ಅಂಕಮ್ಮ ಒಬ್ಬಳೇ. ಹಿಂದಿನ ಬೀದಿಯಲ್ಲಿ ಯಾರದೋ ಹರಕೆ, ಮಾರಮ್ಮನಿಗೆ ಆರತಿ ಹೊರಟಿತ್ತು. ತಮಟೆ ಶುರುವಾಯಿತು. ಬೆಳಿಗ್ಗೆಯಿಂದ ಕಣ್ಣು ಬಿಡದವನು ಕಣ್ಣು ಬಿಟ್ಟ. ಹೊದಿಕೆ ಕೆಳಗೆ ಏನೋ ಅಲ್ಲಾಡಿತು. ಅಂಕಮ್ಮ ಸೆಳೆತ ಇರಬೇಕು ಅಂತ ಹೊದಿಕೆ ತೆಗೆದು ನೋಡಿದಳು. ಸೆಳೆತ ಅಲ್ಲ. ಊದಿಕೊಂಡಿದ್ದ ಆ ಎರಡು ಪಾದ ತಮಟೆಗೆ ಒಂದು ಪೆಟ್ಟೂ ತಪ್ಪದೆ ಹೆಜ್ಜೆ ಹಾಕುತ್ತಿದ್ದವು.

"ಅಂಕೀ, ಗೆಜ್ಜೆ ಕಟ್ಟು" ಅಂದ ಅವನು. ದನಿ ತೀರಾ ಸ್ಪಷ್ಟ. "ಪೂಜೆ ಎತ್ತವ್ರೆ, ಬತ್ತೀನಿ ಅನ್ನು."

ಅವಳ ಜೀವ ಬಾಯಿಗೆ ಬಂತು. ಬ್ಯಾಡ ಕಣ್ರೀ, ಸ್ತೋತ್ರ ಅನ್ರೀ, ಸ್ತೋತ್ರ ಅನ್ರೀ ಅಂತ ಬೇಡಿಕೊಂಡಳು. ಅವನ ಮುಖದಲ್ಲಿ ಅವಳು ಮದುವೆಗೆ ಮುಂಚೆ ನೋಡಿದ್ದ ಆ ಕಳೆ ಬಂದಿತ್ತು, ಕಿವಿ ಇವಳ ಕಡೆ ಇರಲಿಲ್ಲ. ಆಗ ಅಂಕಮ್ಮ ಮಂಚದ ಕಾಲ್ದೆಸೆಗೆ ಹೋಗಿ ಎರಡೂ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹಾಸಿಗೆಗೆ ಒತ್ತಿದಳು. ಮೈಭಾರವೆಲ್ಲ ಹಾಕಿ ಒತ್ತಿದಳು. ಅಂಗೈ ಕೆಳಗೆ ಅವು ಬಡಿದುಕೊಂಡವು. ಅವನು ತಲೆ ಎತ್ತಿ ಅವಳನ್ನು ನೋಡಿದ, ಇದ್ಯಾಕೆ ಅನ್ನೋ ಹಾಗೆ. ತಮಟೆ ಮುಂದಿನ ಬೀದಿಗೆ ತಿರುಗುವಷ್ಟರಲ್ಲಿ ಅವಳ ಕೈಯೊಳಗೆ ಎಲ್ಲ ನಿಂತುಹೋಗಿತ್ತು.

ಮಾರನೇ ದಿನ ಪೆಟ್ಟಿಗೆ ಮುಂದೆ ಪಾಸ್ಟರ್ ಅವಳ ಕಡೆ ತಿರುಗಿದರು. ಸಭೆಯೆಲ್ಲ ಕಾಯುತ್ತಿತ್ತು. ಸುಮನಾ ಅಮ್ಮನ ಸೆರಗು ಹಿಡಿದು ನಿಂತಿದ್ದಳು. ಅಂಕಮ್ಮ ಎದ್ದು ಹೇಳಿದಳು: "ಸ್ತೋತ್ರ ಅಂತಂದು ಕಣ್ ಮುಚ್ಕೊಂಡ್ರು." ಎಲ್ಲರೂ ಸ್ತೋತ್ರ ಅಂದರು. ಮೊಳೆ ಹೊಡೆದರು. ಸುಮನಾ ಅವಳ ಭುಜಕ್ಕೆ ಒರಗಿ, "ಇಷ್ಟು ಸಾಕಮ್ಮಾ, ನಂಗೆ ಇಷ್ಟು ಸಾಕು" ಅಂತ ಅತ್ತಳು. ದೇವರ ಮುಂದೆ ನಿಂತು ಹೇಳಿದ ಸುಳ್ಳು ಅದು. ಗಂಡನನ್ನು ಕಾಪಾಡೋಕೆ ಹೇಳಿದಳೋ, ಮಗಳನ್ನು ಕಾಪಾಡೋಕೆ ಹೇಳಿದಳೋ, ಅವಳಿಗೇ ಗೊತ್ತಿಲ್ಲ. ಅವತ್ತು ಸಂಜೆ ಪಾತ್ರೆ ತೊಳೆಯುವಾಗ ಮೊದಲ ಸಲ ಅಂಗೈಯಲ್ಲಿ ಆ ಕುಣಿತ ಬಂತು.

ಸುಳ್ಳು ಮನೆಯಲ್ಲೇ ಬಿದ್ದಿದ್ದರೆ ಹೇಗೋ ನಡೀತಿತ್ತು. ಅದಕ್ಕೆ ಕಾಲು ಬಂತು. ಕುಡುಕನಾಗಿದ್ದವನು, ಅಮ್ಮನ ಪೂಜೆ ಹೊತ್ತವನು, ಕೊನೇ ಉಸಿರಲ್ಲಿ ಸ್ತೋತ್ರ ಅಂದ ಅಂತ ಪಾಸ್ಟರ್ ಕಣ್ಣೀರು ಹಾಕಿ ಹೇಳುತ್ತಿದ್ದರು. ರಾಮನಗರದಲ್ಲಿ ಹೇಳಿದರು, ಮಾಗಡಿಯ ಕೂಟದಲ್ಲಿ ಹೇಳಿದರು, ಚನ್ನಪಟ್ಟಣದಲ್ಲಿ ಹೇಳಿದರು. ಅಂಕಮ್ಮ ಮುಂದಿನ ಸಾಲಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಎಷ್ಟು ದೀನಳು ನೋಡಿ ಅಂತ ಜನ ಮಾತಾಡಿಕೊಂಡರು. ಮನೆಗೆ ಬಂದರೆ ಮಂಚದ ಕಾಲ್ದೆಸೆ ನೋಡೋಕೆ ಧೈರ್ಯ ಸಾಲದು. ಮಂಚ ಅಲ್ಲೇ ಇತ್ತು, ಅವಳು ನೆಲದಲ್ಲಿ ಮಲಗುತ್ತಿದ್ದಳು. ಅವನು ಈಗ ಎಲ್ಲಿದ್ದಾನೆ ಅನ್ನೋ ಒಂದೇ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಕೂತಿತು. ರಾಗಿ ಬೀಸುವಾಗಲೂ ಅದೇ, ಬಸ್ಸಲ್ಲಿ ನಿಂತಾಗಲೂ ಅದೇ.

ಬೆಂಗಳೂರಿನಿಂದ ಬಂದ ಒಬ್ಬರು ಬೋಧಕರು ಒಂದು ಭಾನುವಾರ ಬೇರೆಯೇ ಹೇಳಿದರು. ಕರ್ತನ ಕೈಯೊಳಗೆ ಒಂದು ಸಲ ಬಿದ್ದವರನ್ನು ಯಾರೂ ಕಿತ್ತುಕೊಳ್ಳೋಕೆ ಆಗೋದಿಲ್ಲ, ಕೊಟ್ಟ ರಕ್ಷಣೆ ಕಳೆದುಹೋಗೋ ಸಾಮಾನಲ್ಲ ಅಂದರು. ಪಾಸ್ಟರ್ ತಿಮೋತಿಯ ಮುಖ ಗಂಟುಹಾಕಿಕೊಂಡಿತು. ಅಂಕಮ್ಮನಿಗೆ ಬಾಯಾರಿದವಳಿಗೆ ನೀರು ಕಂಡ ಹಾಗಾಯಿತು. ಊಟದ ಹೊತ್ತಿಗೆ ಕಾದು ನಿಂತು ಕೇಳಿಯೇಬಿಟ್ಟಳು: "ಅಯ್ಯನೋರೆ, ಯಾರೂ ಕಿತ್ಕೊಳಾಕಾಗಲ್ಲ, ಸರಿ. ಕೈಯೊಳಗಿರೋನೇ ಆಚೆಗೆ ನೆಗೆದ್ರೆ?"

ಅವರು ಮೆತ್ತಗೆ ಹೇಳಿದರು, "ಹಾಗೆ ನೆಗೆಯೋರು ಮೊದಲಿಂದಲೂ ನಿಜವಾಗಿ ಆ ಕೈಯಲ್ಲಿ ಇರಲೇ ಇಲ್ಲ, ಸಹೋದರಿ."

ಅಂಕಮ್ಮ ತಟ್ಟೆ ಕೆಳಗಿಟ್ಟಳು. ಇದಕ್ಕಿಂತ ಪಾಸ್ಟರ್ ಮಾತೇ ವಾಸಿಯಾಗಿತ್ತು. ಕಳೆದುಕೊಂಡ ಅಂದರೆ ಒಂದು ಕಾಲದಲ್ಲಿ ಇತ್ತು ಅಂತಾದರೂ ಆಗುತ್ತೆ. ಇರಲೇ ಇಲ್ಲ ಅಂದರೆ? ಅಷ್ಟು ವರ್ಷ ಕಿಟಕಿ ಸರಳು ಹಿಡಿದು ನಿಂತನಲ್ಲ, ಕತ್ತಿನ ನರ ಉಬ್ಬುವಂತೆ, ಅದು ಯಾರ ಲೆಕ್ಕಕ್ಕೆ? ಕೋಪ ಬಂತು ಅವಳಿಗೆ. ಒಬ್ಬರು ಹೇಳಿದ ಹಾಗಾದರೂ ಗಂಡ ನರಕಕ್ಕೆ ಹೋದ, ಇನ್ನೊಬ್ಬರು ಹೇಳಿದ ಹಾಗಾದರೂ ಹೋದ. ಇದಕ್ಕೆ ಅಷ್ಟು ದೂರದಿಂದ ಬರಬೇಕಾಗಿತ್ತಾ.

ವರ್ಷ ತುಂಬುತ್ತಾ ಬಂದಾಗ ಚನ್ನಪಟ್ಟಣದಿಂದ ಕರೆ ಬಂತು. ಬೋರಲಿಂಗಯ್ಯ ಅಂತ ಒಬ್ಬರು ಮುದುಕರು, ಜೀವಮಾನವೆಲ್ಲ ಮರದ ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚಿದವರು, ವಯಸ್ಸಾದ ಮೇಲೆ ಸಭೆಗೆ ಬಂದವರು. ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನೇ ಕೇಳ್ತಿದ್ದಾರೆ, ನಿಮ್ಮ ಸಾಕ್ಷಿ ನಿಮ್ಮ ಬಾಯಿಂದಲೇ ಕೇಳಬೇಕಂತೆ ಅಂತ ಪಾಸ್ಟರ್ ಹೇಳಿ ಕಳಿಸಿದರು. ಒಲ್ಲೆ ಅನ್ನೋಕೆ ಅವಳಿಗೆ ಕಾರಣ ಸಿಗಲಿಲ್ಲ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೋದಳು.

ಮುದುಕರ ಕಣ್ಣು ಕೆಂಪಗೆ ಬೆಂದುಹೋಗಿತ್ತು. ಸೊಸೆ ಬಾಗಿಲಲ್ಲೇ ಪಿಸುಮಾತಲ್ಲಿ ಹೇಳಿದಳು, "ನಿದ್ದೆ ಮಾಡ್ತಾನೇ ಇಲ್ಲ ಅಮ್ಮಾ. ರೆಪ್ಪೆ ಮುಚ್ಚಿದ್ರೆ ಸಾಕು, ಬೆಚ್ಚಿ ಎದ್ಬುಡ್ತಾರೆ. ನೀವಾದ್ರೂ ಒಸಿ ಹೇಳಿ." ಅಷ್ಟು ಹೇಳಿ ಅವಳು ಕಾಫಿ ಕಾಯಿಸೋಕೆ ಒಳಗೆ ಹೋದಳು.

ಅಂಕಮ್ಮ ಮಂಚದ ಪಕ್ಕ ಕೂತಳು. ಕಾಲ್ದೆಸೆ ಕಡೆ ಕೂರಲಿಲ್ಲ.

"ಅವ್ವಾ, ನಿಮ್ಮೆಜಮಾನ್ರು ಹೆಂಗೆ ಹೋದ್ರು, ಒಂದ್ಸಲ ಹೇಳಿ" ಅಂದರು ಬೋರಲಿಂಗಯ್ಯ. "ಪಾಸ್ಟ್ರು ಹೇಳ್ದಾಗಿಂದ ನಾನೂ ಬಾಯಲ್ಲಿ ಸ್ತೋತ್ರ ಇಟ್ಕೊಂಡೇ ಮಲಗಿವ್ನಿ. ನಿದ್ದೆ ಹತ್ತಿದ್ರೆ ಜಾರೋಯ್ತದೆ. ಜಾರಿದ್ ಗಳಿಗೆಲೇ ಪ್ರಾಣ ಹೋಗ್ಬುಟ್ರೆ ಎಲ್ಲಾ ಮುಗೀತಲ್ಲ. ಕನಸಲ್ಲಿ ಬಾಯಿಗೆ ಹಳೇದು ಏನ್ ಬತ್ತದೋ ಯಾರಿಗ್ ಗೊತ್ತು. ಅವ್ರು ಹೆಂಗೆ ಹಿಡ್ಕೊಂಡಿದ್ರು ಅಂತ ಹೇಳ್ಕೊಡಿ."

 ಅಂಕಮ್ಮನ ಸುಳ್ಳು ಇಲ್ಲಿ ಒಬ್ಬ ಸಾಯೋ ಮನುಷ್ಯನನ್ನು ಮಲಗೋಕೂ ಬಿಡದೆ ಕಾಡ್ತಾ ಇತ್ತು. ಅವರ ತುಟಿ ಒಣಗಿ ಸೀಳು ಬಿಟ್ಟಿತ್ತು, ಆದರೂ ಆಡುತ್ತಲೇ ಇತ್ತು.  ಇವರನ್ನೂ ನಾನೇ ಒತ್ತಿ ಹಿಡಿದಿದ್ದೀನಿ ಅನ್ನಿಸಿತು.

"ಅವ್ರು ಸ್ತೋತ್ರ ಅನ್ನಲಿಲ್ಲ ಕಣಪ್ಪಾ" ಅಂದಳು.

ಆಮೇಲೆ ಮಾತು ನಿಲ್ಲಲಿಲ್ಲ. ತಮಟೆ ಹೇಳಿದಳು, ಕಾಲು ಹೇಳಿದಳು, ಗೆಜ್ಜೆ ಕೇಳಿದ್ದು ಹೇಳಿದಳು, ತಾನು ಮೈಭಾರ ಹಾಕಿ ಒತ್ತಿದ್ದೂ ಹೇಳಿದಳು. ಮುದುಕರು ಕಣ್ಣು ಕದಲಿಸದೆ ಕೇಳಿದರು. ಎಲ್ಲ ಮುಗಿದ ಮೇಲೆ ಕೇಳಿದರು, "ಹಂಗಾದ್ರೆ ಈಗ ಎಲ್ಲವ್ರೆ?"

"ನಂಗೊತ್ತಿಲ್ಲ" ಅಂದಳು ಅಂಕಮ್ಮ. "ಯಾರ್ಗೂ ಗೊತ್ತಿಲ್ಲ. ಎಲ್ಲಿ ಅವ್ರೋ ನಂಗೂ ಅಲ್ಲೇ ಜಾಗ ಇರ್ಲಿ. ಅವ್ರಿಲ್ದೆ ಹೋದ್ರೆ ನಂಗೆ ಆ ಪರಲೋಕ ಬ್ಯಾಡ." ಇದನ್ನು ಹೇಳ್ತೀನಿ ಅಂತ ಅವಳು ಅಂದುಕೊಂಡಿರಲಿಲ್ಲ.  ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ. "ನೀವು ಮಲಿಕ್ಕಳಿ. ಹಿಡ್ಕೊಂಡಿದ್ದು ಸಾಕು."

ಮುದುಕರು ಕಣ್ಣು ಮುಚ್ಚಿದರು. ಆಮೇಲೆ ತುಟಿ ನಿಂತಿತು. ಸೊಸೆ ಕಾಫಿ ತರೋ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು. ಬೆಳಗಿನ ಜಾವದ ತನಕ ಹಾಗೇ ಮಲಗಿದ್ದರಂತೆ, ಮಲಗಿದ್ದ ಹಾಗೇ ಹೋದರಂತೆ. ಬಾಯಲ್ಲಿ ಏನೂ ಇರಲಿಲ್ಲ ಅಂತ ಸೊಸೆ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಭಯ ಇತ್ತೋ ನೆಮ್ಮದಿ ಇತ್ತೋ, ಅಂಕಮ್ಮನಿಗೆ ಕೇಳೋಕೆ ಧೈರ್ಯ ಬರಲಿಲ್ಲ.

ಸೋಮವಾರ ಅವಳು ಶೆಡ್ಡಿಗೆ ಹೋದಳು. ಮನೆಯಲ್ಲಿ ಎದ್ದವಳು ಪ್ರಾರ್ಥನೆ ಮಾಡಿರಲಿಲ್ಲ. ಪರಲೋಕ ಬ್ಯಾಡ ಅಂದವಳು ಯಾವ ಮುಖ ಇಟ್ಟುಕೊಂಡು ಕರೆಯಬೇಕು. ಮಾತು ಅಂದರೆ ಮಾತು. ಪರಲೋಕದ ಪುಸ್ತಕದಿಂದ ಹೆಸರು ಹೊಡೆದು ಹಾಕಿದ್ದರೆ ಹಾಕಿರಲಿ, ಗಂಡನ ಹೆಸರಿನ ಪಕ್ಕದಲ್ಲೇ ಹೊಡೆದಿರುತ್ತಾರಲ್ಲ. ಹಾಗೆ ಅಂದುಕೊಂಡು ಹಲ್ಲು ಕಚ್ಚಿ ಬೇಸಿನ್ ಮುಂದೆ ಕೂತಳು. ಮನಸ್ಸು ಖಾಲಿಯಾಗಿತ್ತು, ಸಾಮಾನು ತೆಗೆದ ಬಾಡಿಗೆ ಮನೆಯಂತೆ. ಒಂದು ಗೂಡು, ಒಂದು ಎಳೆ, ಮತ್ತೊಂದು ಗೂಡು. ಹಬೆಗೆ ಮುಖ ಒದ್ದೆಯಾಯಿತು.

"ಏನಕ್ಕಾ, ಇವತ್ತು ಡಬಲ್ ಡ್ಯೂಟಿನಾ ನಿಮ್ ದೇವ್ರಿಗೆ?" ಅಂದಳು ಜಾರಾ.

"ಏನು?"

"ಬಂದಾಗಿಂದ ನೋಡ್ತಾ ಇದೀನಿ. ಬಾಯಿ ನಿಂತೇ ಇಲ್ಲ."

ಅಂಕಮ್ಮ ಒದ್ದೆ ಬೆರಳನ್ನು ತುಟಿಗೆ ಇಟ್ಟುಕೊಂಡು ನೋಡಿದಳು. ತುಟಿ ಆಡುತ್ತಿತ್ತು. ಅವಳು ಆಡಿಸುತ್ತಿರಲಿಲ್ಲ. ಎಷ್ಟೋ ವರ್ಷ ಕೂತು ಕೂತು ಕಲಿತದ್ದನ್ನು ಅದು ಅವಳನ್ನು ಕೇಳದೆ, ಅವಳು ಬ್ಯಾಡ ಅಂದ ಮೇಲೂ, ತಾನಾಗಿ ಹೇಳಿಕೊಂಡು ಹೋಗುತ್ತಿತ್ತು. ಸ್ತೋತ್ರ ಕರ್ತನೇ, ಸ್ತೋತ್ರ ಕರ್ತನೇ. ಗಂಡನ ಕಾಲೂ ಹೀಗೇ ಆಡಿತ್ತು. ಅವನ ಕಾಲು ಲೆಕ್ಕಕ್ಕೆ ಬಂದರೆ ಅವನು ಹೋದ. ಲೆಕ್ಕಕ್ಕಿಲ್ಲ ಅಂದರೆ ಇವಳ ಈ ಬಾಯೂ ಲೆಕ್ಕಕ್ಕಿಲ್ಲ, ಇಷ್ಟು ವರ್ಷ ಮಾಡಿದ ಪ್ರಾರ್ಥನೆಯಲ್ಲಿ ತನ್ನದು ಯಾವುದು, ತುಟಿಯದು ಯಾವುದು ಅಂತ ಹೇಳೋರು ಯಾರು? ಯಾವ ಕಡೆ ತಿರುಗಿದರೂ ದಾರಿ ಇರಲಿಲ್ಲ. ಅವಳು ಅಲ್ಲೇ, ಎಲ್ಲರೆದುರಿಗೇ ಅಳೋಕೆ ಶುರುಮಾಡಿದಳು. ಅಳುವಾಗಲೂ ತುಟಿ ಬಿಡಲಿಲ್ಲ.

ಜಾರಾ ತನ್ನ ಎಳೆ ಬಿಟ್ಟು ಹತ್ತಿರ ಬಂದಳು. "ಏನಾಯ್ತಕ್ಕಾ?"

"ಹಿಡ್ಕೋಬಾರ್ದಿತ್ತು ಕಣೆ ಜಾರಾ" ಅಂದಳು ಅಂಕಮ್ಮ. "ಕುಣೀತಾ ಇದ್ರು. ನಾನ್ ಹಿಡ್ಕೋಬಾರ್ದಿತ್ತು."

ಜಾರಾಗೆ ಏನೂ ಅರ್ಥವಾಗಲಿಲ್ಲ. ಬೆನ್ನು ಸವರಿ ಕೂತಳು. ಅಂಕಮ್ಮನ ಅಂಗೈಯಲ್ಲಿ ಆಗಲೇ ಶುರುವಾಗಿತ್ತು, ಮೊದಲು ನಿಧಾನ, ಆಮೇಲೆ ತಮಟೆಯ ಓಟಕ್ಕೆ. ಜಾರಾ ಗಾಬರಿಯಿಂದ ಅವಳ ಮೊಣಕೈ ಹಿಡಿಯೋಕೆ ಕೈ ಚಾಚಿದಳು, ಈಗ ಬಿಸಿನೀರಿಗೆ ಒತ್ತುತ್ತಾಳೆ ಅಂತ. ಅಂಕಮ್ಮ ಒತ್ತಲಿಲ್ಲ. ಎರಡೂ ಅಂಗೈಯನ್ನು ಮಡಿಲಲ್ಲಿ ಬಿಚ್ಚಿ ಇಟ್ಟುಕೊಂಡು, ಅವನು ಸುಸ್ತಾಗಿ ತಾನೇ ನಿಲ್ಲಿಸೋ ತನಕ ಕಾದು ಕೂತಳು.